ಬೀಜ ಕೊಡದ ಎಲೆಕೋಸು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ತರಕಾರಿ ಬೀಜವನ್ನು ಪೇಟೆಯಿಂದ ಕೊಂಡು ತರುವ ರೂಢಿ ಈಚಿನದು. ಮೊಗೆಕಾಯಿಯ ಬೀಜವನ್ನು ಸಗಣಿಯಲ್ಲಿ ಕಲೆಸಿ ಗೋಡೆಗೆ ಬಡಿದಿಡುತ್ತಿದ್ದರು. ಹೀರೆ, ಪಡುವಲದ ಒಣಕಾಯಿಗಳು ಒಲೆಯ ಮೇಲಿನ ಹೊಗೆಯಲ್ಲಿ ತೂಗುತ್ತಿದ್ದವು. ಅಲಸಂದೆ, ಅವರೆ ಬೂದಿಯಲ್ಲಿ ಹೂತು ಡಬ್ಬಿ ಸೇರುತ್ತಿದ್ದವು. ಹರಿವೆಯ ಒಂದು ದಂಟನ್ನು ಕೀಳದೆ ಬಿಟ್ಟರಂತೂ ಮುಂದಿನ ವರ್ಷ ಕೇರಿಗೆಲ್ಲ ಹಂಚುವಷ್ಟು ಬೀಜ. ಈ ತಿಳಿವಳಿಕೆಯೆಲ್ಲ ಹಿತ್ತಲು ನೋಡಿಕೊಳ್ಳುವ ಹೆಂಗಸರದು. ಶಿರಸಿಯ ವನಸ್ತ್ರೀ ಸಂಘಟನೆ ಅದನ್ನೇ ನೆಚ್ಚಿ ಬೆಳೆದದ್ದು. ಮಳೆಗಾಲದ ಹೊಸ್ತಿಲಲ್ಲಿ ಅದು ನಡೆಸುವ ಮಲೆನಾಡ ಮೇಳದಲ್ಲಿ ಊರೂರಿನ ಬೀಜಗಳು ಕೈಯಿಂದ ಕೈಗೆ ದಾಟುತ್ತವೆ.

ಅಷ್ಟು ಬಗೆಯ ಬೀಜಗಳ ನಡುವೆ ಎಲೆಕೋಸಿನದು ಸಿಗುವುದಿಲ್ಲ. ನವಿಲುಕೋಸಿನದೂ ಇಲ್ಲ. ಚಳಿಗಾಲದಲ್ಲಿ ಹಿತ್ತಲ ಮಡಿಯಲ್ಲಿ ಎರಡೂ ಚೆನ್ನಾಗಿ ಬರುತ್ತವೆ. ಆದರೆ ಬೀಜಕ್ಕೆಂದು ಬಿಟ್ಟ ಎಲೆಕೋಸು ಒಡೆಯುತ್ತದೆ, ಕೊಳೆಯುತ್ತದೆ ಅಥವಾ ಬೇಸಿಗೆಯವರೆಗೂ ಎಲೆಯ ಮೇಲೆ ಎಲೆ ಹಾಕುತ್ತ ನಿಲ್ಲುತ್ತದೆ. ಹೂವಿನ ಸುಳಿವೇ ಇಲ್ಲ. “ಎಲ್ಲದರ ಬೀಜ ಆಗ್ತು, ಕ್ಯಾಬೇಜಿಂದು ಎಂತಕ್ಕೆ ಆಗ್ತಿಲ್ಲೆ?” ಎಂಬ ಪ್ರಶ್ನೆ ಹಿತ್ತಲು ಮಾಡುವವರೆಲ್ಲ ಕೇಳಿಕೊಂಡದ್ದೇ.

ಕಂಪನಿಯವರು ಬೀಜ ಆಗದ ಹಾಗೆ ತಳಿಯನ್ನು ಕೆಡಿಸಿದ್ದಾರೆ ಎನ್ನುವವರಿದ್ದಾರೆ. ಅದು ಸರಿಯಲ್ಲ. ಹೈಬ್ರಿಡ್ ಗಿಡದ ಬೀಜ ಬಿತ್ತಿದರೆ ಮರಿಗಳು ತಾಯಿಯಂತೆ ಇರುವುದಿಲ್ಲ ಎಂಬುದು ನಿಜ. ಆದರೆ ಹೂ ಬಿಡುವುದಕ್ಕೂ ಹೈಬ್ರಿಡ್ ಆಗಿರುವುದಕ್ಕೂ ಸಂಬಂಧವಿಲ್ಲ. ನೂರು ವರ್ಷದ ಹಿಂದಿನ ನಾಟಿ ಎಲೆಕೋಸನ್ನು ತಂದು ನೆಟ್ಟರೂ ನಮ್ಮಲ್ಲಿ ಅದು ಹೂ ಬಿಡುವುದಿಲ್ಲ. ಕಾರಣ ಇರುವುದು ನಮ್ಮ ಹವೆಯಲ್ಲಿ, ಅದರಲ್ಲೂ ನಮ್ಮ ಮಧ್ಯಾಹ್ನಗಳಲ್ಲಿ.

ವಸಂತವೋ ಶರತ್ತೋ

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರಾಕೊಲಿ ಎಲ್ಲವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ, ಬ್ರಾಸಿಕ ಒಲೆರೇಸಿಯ. ಸುಳಿ ಮುದುಡಿ ಗಟ್ಟಿಯಾಗುವ ಗಿಡಗಳನ್ನೇ ಆರಿಸುತ್ತ ಹೋದ ರೈತರಿಗೆ ಎಲೆಕೋಸು ದಕ್ಕಿತು. ಕಾಂಡ ಊದಿದ್ದನ್ನು ಆರಿಸಿದವರಿಗೆ ನವಿಲುಕೋಸು, ಹೂಗೊಂಚಲು ದಪ್ಪವಾದದ್ದನ್ನು ಆರಿಸಿದವರಿಗೆ ಹೂಕೋಸು. ಒಗ್ಗರಣೆಗೆ ಸಿಡಿಸುವ, ಸಾಸಮೆಗೆ ಅರೆಯುವ ಸಾಸಿವೆ ಮತ್ತು ಮೂಲಂಗಿ ಇದೇ ಬಳಗದವು. ನಾಲ್ಕು ಎಸಳಿನ ಪುಟ್ಟ ಹೂ ಇಡೀ ಬಳಗದ ಗುರುತು. ಇವುಗಳಲ್ಲಿ ಕೋಸುಗಳು ಮಾತ್ರ ಈ ಸೀಮೆಗೆ ತೀರ ಹೊಸಬರು. ಇವತ್ತಿಗೂ ಅನೇಕ ಮನೆಗಳ ಶ್ರಾದ್ಧದ ಅಡುಗೆಗೆ ಎಲೆಕೋಸು, ಹೂಕೋಸು ಒಲೆ ಹತ್ತುವುದಿಲ್ಲ.

ಇವುಗಳ ತವರು ಮೆಡಿಟರೇನಿಯನ್ ಸಮುದ್ರದ ದಂಡೆ. ಈ ಕೋಸುಗಳಿಗೆ ಅತಿ ಹತ್ತಿರದ ಕಾಡುನೆಂಟ ಗ್ರೀಸಿನ ಸುತ್ತಲಿನ ಏಜಿಯನ್ ಸಮುದ್ರದ ಕರೆಯಲ್ಲಿ ಬೆಳೆಯುವ ಒಂದು ಗಿಡವೆಂದು 2021ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ತೋರಿಸಿತು. ಆ ಕಡೆ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಅಲ್ಲಿ ಬಾಳುವ ಗಿಡಕ್ಕೆ ಜಾಣತನದ ದಾರಿ ಒಂದೇ. ಚಳಿಗಾಲದುದ್ದಕ್ಕೂ ಎಲೆ ಬೆಳೆಸಿ ಆಹಾರ ಕೂಡಿಹಾಕಬೇಕು, ಚಳಿ ಕಳೆದ ಕೂಡಲೆ ಹೂ ಬಿಟ್ಟು, ಬಿರುಬಿಸಿಲು ಬರುವುದರೊಳಗೆ ಬೀಜ ಕಟ್ಟಿ ಮುಗಿಸಬೇಕು.

ಚಳಿ ಕಳೆಯಿತೆಂದು ಗಿಡಕ್ಕೆ ಗೊತ್ತಾಗುವುದು ಹೇಗೆ? ಹಗಲಿನ ಉದ್ದ ನೋಡಿ ತಿಳಿಯಲಿ ಎನ್ನಬಹುದು. ನಮ್ಮ ಅವರೆ ಹಾಗೆಯೇ ಮಾಡುತ್ತದೆ. ಹಳೆಯ ಅವರೆಯನ್ನು ಮಳೆಗಾಲದ ಮೊದಲಲ್ಲಿ ಬಿತ್ತಿದರೂ ನಡುವಿನಲ್ಲಿ ಬಿತ್ತಿದರೂ ರಾತ್ರಿ ಉದ್ದವಾಗುವ ತನಕ ಅದು ಹೂ ತೆಗೆಯುವುದಿಲ್ಲ. ಕೋಸಿನ ತವರಿನಲ್ಲಿ ಇದೊಂದೇ ಲೆಕ್ಕ ನಂಬಿದರೆ ಅಪಾಯವಿದೆ. ಮಾರ್ಚ್ ಕೊನೆಗೂ ಸೆಪ್ಟೆಂಬರ್ ಕೊನೆಗೂ ಹಗಲು ಹನ್ನೆರಡು ಗಂಟೆ. ಮಾರ್ಚಿನ ಮುಂದೆ ಬೆಚ್ಚನೆಯ ವಸಂತವಿದೆ, ಸೆಪ್ಟೆಂಬರಿನ ಮುಂದೆ ಚಳಿಯಿದೆ. ಸೆಪ್ಟೆಂಬರಿನಲ್ಲಿ ಮೋಸಹೋಗಿ ಹೂ ಬಿಟ್ಟ ಗಿಡದ ವಂಶ ಅಲ್ಲಿಗೇ ಮುಗಿಯಿತು. ಇವೆರಡನ್ನೂ ಬೇರ್ಪಡಿಸುವ ಸಂಗತಿ ಒಂದೇ: ಮಾರ್ಚಿನ ಹಿಂದೆ ಒಂದು ಚಳಿಗಾಲ ಆಗಿಹೋಗಿದೆ. ಆದ್ದರಿಂದ ಗಿಡ ಆಗಿಹೋದ ಚಳಿಯನ್ನು ನೆನಪಿಟ್ಟಿರಬೇಕು. ಇದನ್ನು ‘ಚಳಿನೆನಪು’ ಎಂದು ಕರೆಯೋಣ. ವಿಜ್ಞಾನಿಗಳ ಬಾಯಲ್ಲಿ ಇದು ವರ್ನಲೈಸೇಷನ್.

ಮಿದುಳಿಲ್ಲದ ನೆನಪು

ಮೊಳಕೆಯೊಡೆದ ಚಳಿಗಾಲದ ರೈ ಧಾನ್ಯವನ್ನು ತಂಪಿನಲ್ಲಿಟ್ಟರೆ ಆಮೇಲೆ ಬೇಗ ತೆನೆ ಬರುತ್ತದೆಂದು ಜರ್ಮನಿಯ ಗುಸ್ಟಾಫ್ ಗಾಸ್ನರ್ 1918ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಗಿಡದ ಒಳಗೆ ನಡೆಯುವುದೇನೆಂದು ತಿಳಿಯಲು ಮತ್ತೆ ಎಂಬತ್ತು ವರ್ಷ ಬೇಕಾಯಿತು. ಸುಳಿವು ಸಿಕ್ಕಿದ್ದು ಸಾಸಿವೆ ಬಳಗದ್ದೇ ಆದ ಅರಾಬಿಡಾಪ್ಸಿಸ್ ಎಂಬ ಗೇಣುದ್ದದ ಕಳೆಯಲ್ಲಿ. 1999ರಲ್ಲಿ ಅಮೆರಿಕದ ಒಂದು ತಂಡ, ಆಸ್ಟ್ರೇಲಿಯದ ಇನ್ನೊಂದು ತಂಡ ಬೇರೆಬೇರೆಯಾಗಿ ಒಂದೇ ಜೀನನ್ನು ಗುರುತಿಸಿದವು. ಅದರ ಹೆಸರು ಎಫ್‌ಎಲ್‌ಸಿ. ಅದು ದುಡಿಯುತ್ತಿರುವ ತನಕ ಗಿಡ ಎಲೆ ಮಾತ್ರ ಹಾಕುತ್ತದೆ. ಹೂ ಬಿಡು ಎಂಬ ಆಜ್ಞೆಯನ್ನು ಅದು ಹೊರಡಗೊಡುವುದಿಲ್ಲ. ಅದನ್ನು ‘ಹೂತಡೆ’ ಎನ್ನೋಣ. ಎಲೆಕೋಸಿನಲ್ಲಿ ಈ ಹೂತಡೆಯ ಪ್ರತಿಗಳು ಒಂದಲ್ಲ, ಹಲವಿವೆ.

ದೀರ್ಘ ಚಳಿ ಮಾಡುವ ಕೆಲಸವೆಂದರೆ ಈ ತಡೆಯ ಬಾಯಿ ಮುಚ್ಚಿಸುವುದು. ಕಡಿಮೆ ಚಳಿಗೆ ಅರ್ಧ ಮುಚ್ಚಿ, ಹೆಚ್ಚು ಚಳಿಗೆ ಪೂರ್ತಿ ಮುಚ್ಚುತ್ತದೆಯೇ? ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ನೆಸ್ ಕೇಂದ್ರದಲ್ಲಿ ಕ್ಯಾರೊಲಿನ್ ಡೀನ್, ಮಾರ್ಟಿನ್ ಹೊವಾರ್ಡ್ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ರಾತ್ರಿ ಎಂಟರ ಮೇಲೆ ಶಿರಸಿ ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುವುದನ್ನು ನೋಡಿ. ಒಂದೊಂದು ಅಂಗಡಿಯದೂ ಎರಡೇ ಸ್ಥಿತಿ. ಶಟರ್ ಮೇಲಿದೆ, ಇಲ್ಲವೇ ಕೆಳಗಿದೆ. ಕೈಯಲ್ಲಿ ಗಡಿಯಾರ ಇಲ್ಲದವರೂ ಬೀದಿಯಲ್ಲಿ ಎಷ್ಟು ಅಂಗಡಿ ಮುಚ್ಚಿವೆ ಎಂದು ನೋಡಿ ಹೊತ್ತೆಷ್ಟಾಯಿತೆಂದು ಹೇಳಬಲ್ಲರು. ಗಿಡದಲ್ಲೂ ಹೀಗೆಯೇ. ಒಂದೊಂದು ಜೀವಕೋಶದಲ್ಲಿ ಹೂತಡೆ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಚಳಿಯ ದಿನಗಳು ಹೆಚ್ಚಿದಂತೆ ಮುಚ್ಚಿದ ಕೋಶಗಳ ಸಂಖ್ಯೆ ಹೆಚ್ಚುತ್ತದೆ. ವಾರಗಳ ಲೆಕ್ಕ ಗಿಡದಲ್ಲಿ ಉಳಿಯುವುದು ಈ ಸಂಖ್ಯೆಯಾಗಿ.

ಮುಚ್ಚುವುದು ಎಂದರೆ ಜೀನ್ ಕಳೆದುಹೋಗುವುದಲ್ಲ. ಡಿಎನ್‌ಎ ಎಳೆ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲೆ ಒಂದು ರಾಸಾಯನಿಕ ಗುರುತು ಬೀಳುತ್ತದೆ. ಆ ಜಾಗ ಬಿಗಿಯಾಗಿ ಸುತ್ತಿಕೊಂಡು ಓದಲು ಸಿಗದಂತಾಗುತ್ತದೆ. ಕೋಶ ಒಡೆದು ಎರಡಾದಾಗ ಗುರುತು ಎರಡಕ್ಕೂ ದಾಟುತ್ತದೆ. ಚಳಿಗಾಲದಲ್ಲಿ ಇರದೇ ಇದ್ದ, ವಸಂತದಲ್ಲಿ ಹೊಸದಾಗಿ ಹುಟ್ಟಿದ ಸುಳಿಯ ಕೋಶಗಳೂ ಚಳಿಯನ್ನು ‘ಬಲ್ಲವು’. ಆದರೆ ಬೀಜದೊಳಗೆ ಮರಿಗಿಡ ರೂಪುಗೊಳ್ಳುವಾಗ ಈ ಗುರುತು ಅಳಿಸಿಹೋಗುತ್ತದೆ. ಪ್ರತಿ ತಲೆಮಾರೂ ತನ್ನ ಚಳಿಗಾಲವನ್ನು ತಾನೇ ಕಾಣಬೇಕು. ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬ ಕೃಷಿತಜ್ಞ ಇದಕ್ಕೆ ಪೂರ್ತಿ ವಿರುದ್ಧವಾದದ್ದನ್ನು ಸಾರಿದ್ದ. ಚಳಿಗೆ ಒಗ್ಗಿಸಿದ ಗುಣ ವಂಶಕ್ಕೆ ಇಳಿಯುತ್ತದೆಂಬ ಅವನ ಮಾತು ಸರ್ಕಾರದ ಸಿದ್ಧಾಂತವಾಯಿತು. ಬೀಜಗಳನ್ನು ಕೂಡಿಹಾಕಲು ಲೋಕವನ್ನೇ ಸುತ್ತಿದ, ಅವನನ್ನು ಒಪ್ಪದ ನಿಕೊಲಾಯ್ ವಾವಿಲೊವ್ 1943ರಲ್ಲಿ ಸೆರೆಮನೆಯಲ್ಲಿ ಸತ್ತರು. ಬೀಜ ಉಳಿಸುವವರು ಮರೆಯಬಾರದ ಹೆಸರು ಅದು.

ಮಧ್ಯಾಹ್ನದ ಬಿಸಿಲು

ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಚಳಿ ಇಲ್ಲವೆಂದು ಯಾರು ಹೇಳುತ್ತಾರೆ? ಬೆಳಿಗ್ಗೆ ಬಚ್ಚಲೊಲೆಯ ಮುಂದಿನಿಂದ ಏಳಲು ಮನಸ್ಸು ಬಾರದು. ಇಬ್ಬನಿಗೆ ಅಡಿಕೆ ಸೋಗೆಯ ಹೆಡೆ ತೊಟ್ಟಿಕ್ಕುತ್ತಿರುತ್ತದೆ. ಘಟ್ಟದ ಮೇಲೆ ಆರುನೂರು ಮೀಟರಿನ ಆಸುಪಾಸಿನಲ್ಲಿರುವ ಶಿರಸಿಯಲ್ಲಿ ರಾತ್ರಿಯ ತಾಪ 14–15 ಡಿಗ್ರಿಗೆ, ಕೆಲವು ದಿನ ಇನ್ನೂ ಕೆಳಕ್ಕೆ ಇಳಿಯುತ್ತದೆ. ಎಲೆಕೋಸಿಗೆ ಬೇಕಾದದ್ದು ಸುಮಾರು 4ರಿಂದ 10 ಡಿಗ್ರಿ, ಅದೂ ಆರೆಂಟು ವಾರ. ನಾಲ್ಕೈದು ಡಿಗ್ರಿ ಕಡಿಮೆ ಬಿತ್ತು, ಅದಕ್ಕೇ ಹೂವಿಲ್ಲ ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಉತ್ತರ ಅರ್ಧ ಮಾತ್ರ.

ಕ್ಯಾರೊಲಿನ್ ಡೀನ್ ಬಳಗ ಅರಾಬಿಡಾಪ್ಸಿಸ್ ಗಿಡಗಳನ್ನು ಪ್ರಯೋಗಾಲಯದ ತಂಪುಪೆಟ್ಟಿಗೆಯಿಂದ ಹೊರತಂದು ಇಂಗ್ಲೆಂಡ್, ಸ್ವೀಡನ್ನಿನ ಬಯಲಿನಲ್ಲಿ, ಏರಿಳಿಯುವ ನಿಜವಾದ ಹವೆಯಲ್ಲಿಟ್ಟು ನೋಡಿತು. 2018ರಲ್ಲಿ ಪ್ರಕಟವಾದ ಫಲಿತಾಂಶ ನನಗೆ ಈ ಕಥೆಯಲ್ಲೇ ಅತ್ಯಂತ ಬೆರಗಿನದು. ಹೂತಡೆ ಮುಚ್ಚುವುದು ಎರಡು ಹಂತದಲ್ಲಿ. ಆಗಾಗ ಬರುವ ಚಳಿಗೂ ತಡೆಯ ಕೆಲಸ ಮಂದವಾಗುತ್ತದೆ, ಅದು ಶಟರ್ ಎಳೆದಷ್ಟೇ. ಬೀಗ ಹಾಕಲು ವಿನ್-3 ಎಂಬ ಇನ್ನೊಂದು ಪ್ರೋಟೀನು ಕೂಡಿಬರಬೇಕು. ಅದು ಕೂಡಿಬರಲು ದೀರ್ಘ ಚಳಿ ಬೇಕು ನಿಜ, ಅದರ ಜೊತೆಗೆ ಮತ್ತೊಂದು ಷರತ್ತಿದೆ: ದಿನದ ಯಾವ ಹೊತ್ತಿನಲ್ಲೂ ತಾಪ 15 ಡಿಗ್ರಿ ದಾಟಕೂಡದು. ರಾತ್ರಿಯೆಲ್ಲ ಕೊರೆಯುವ ಚಳಿಯಿದ್ದು ಮಧ್ಯಾಹ್ನ ಸ್ವಲ್ಪ ಹೊತ್ತು ಬೆಚ್ಚಗಾದರೂ ವಿನ್-3 ಏಳುವುದಿಲ್ಲ. ಅಂದರೆ ಗಿಡ ಎಣಿಸುವುದು ಚಳಿಯ ರಾತ್ರಿಗಳನ್ನಲ್ಲ, ಬಿಸಿಲು ಕಾಯದ ಹಗಲುಗಳನ್ನು.

ಈಗ ನಮ್ಮ ಹಿತ್ತಲಿಗೆ ಬನ್ನಿ. ಬೆಳಗಿನ ಜಾವ 14 ಡಿಗ್ರಿ ಇದ್ದ ಅದೇ ದಿನ ಮಧ್ಯಾಹ್ನ ಎರಡಕ್ಕೆ 28–30 ಡಿಗ್ರಿ. ಅಡಿಕೆ ಒಣಗಿಸುವ ಅಟ್ಟಕ್ಕೆ ಹೇಳಿಮಾಡಿಸಿದ ಬಿಸಿಲು ಅದು. ಈ ನಿಯಮದ ಲೆಕ್ಕದಲ್ಲಿ ಶಿರಸಿಯ ಇಡೀ ಚಳಿಗಾಲದಲ್ಲಿ ಎಣಿಕೆಗೆ ಸಿಗುವ ದಿನ ಒಂದೂ ಇಲ್ಲ. ರಾತ್ರಿ ಎಳೆದ ಶಟರು ಹಗಲಾದೊಡನೆ ಮತ್ತೆ ಮೇಲಕ್ಕೆ. ಎಲೆಕೋಸು ನಮ್ಮ ಹಿತ್ತಲಲ್ಲಿ ಕಾಣುತ್ತಿರುವುದು ಮುಗಿಯದ ಒಂದು ಶರತ್ಕಾಲ, ಅದಕ್ಕೇ ಎಲೆಯ ಮೇಲೆ ಎಲೆ.

ನಮ್ಮ ಹಿತ್ತಲಿಗೆ ಇದರಿಂದ ಒಂದು ಲಾಭವೂ ಇದೆ. ಯುರೋಪಿನ ತೋಟಗಾರರಿಗೆ ಎಳೆಯ ನವಿಲುಕೋಸಿನ ಮೇಲೆ ಅಕಾಲದ ಚಳಿ ಬಿದ್ದರೆ ಗಡ್ಡೆ ಕಟ್ಟುವ ಮೊದಲೇ ಹೂದಂಟು ಎದ್ದುಬಿಡುತ್ತದೆಂಬ ಭಯ. ನಮಗೆ ಆ ಭಯವೇ ಇಲ್ಲ. ಮಳೆ ಹಿಂದೆಗೆಯುವ ಭೂಮಿ ಹುಣ್ಣಿಮೆಯ ಆಸುಪಾಸಿಗೆ ಸಸಿಮಡಿಯಲ್ಲಿ ಬೀಜ ಹಾಕಿ, ದೀಪಾವಳಿ ಕಳೆದ ಮೇಲೆ ಕಿತ್ತು ನೆಟ್ಟರೆ, ಸುಳಿ ಮುದುಡಿ ಗಟ್ಟಿಯಾಗುವ ಹೊತ್ತಿಗೆ ವರ್ಷದ ಅತಿ ತಂಪಿನ ದಿನಗಳು ಸಿಗುತ್ತವೆ. ಎಲೆ ಮುದುಡಲು ತಂಪು ರಾತ್ರಿ ಸಾಕು, ಚಳಿನೆನಪು ಬೇಡ.

ಕುಲು ಕಣಿವೆಯ ಬೀಜ

ಹಾಗಾದರೆ ಪೊಟ್ಟಣದ ಬೀಜ ಎಲ್ಲಿಯದು? ಹಿಮಾಚಲ ಪ್ರದೇಶದ ಕುಲು ಕಣಿವೆಯ ಕಟ್ರಾಯ್ನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಮ್ಮ ದೇಶದ ಕೋಸಿನ ಬೀಜದ ಕೆಲಸಕ್ಕೆ ಅದು ಹೆಸರಾದ ಜಾಗ. ಅಲ್ಲಿ ಗಡ್ಡೆ ಕಟ್ಟಿದ ಎಲೆಕೋಸನ್ನು ಕೊಯ್ಯದೆ ಚಳಿಗಾಲ ದಾಟಿಸುತ್ತಾರೆ. ವಾರಗಟ್ಟಲೆ ಮಧ್ಯಾಹ್ನವೂ ಬೆಚ್ಚಗಾಗದ ದಿನಗಳು ಅಲ್ಲಿ ಧಾರಾಳ. ವಸಂತದಲ್ಲಿ ಗಟ್ಟಿ ಗಡ್ಡೆಯ ನೆತ್ತಿಯನ್ನು ಚಾಕುವಿನಿಂದ ಅಡ್ಡಡ್ಡ ಸೀಳಿ ಕೊಡುತ್ತಾರೆ. ಇಲ್ಲವಾದರೆ ಒಳಗಿನ ಹೂದಂಟಿಗೆ ಎಲೆಗಳ ಪದರ ಸೀಳಿ ಹೊರಬರುವುದೇ ಕಷ್ಟ. ಸೀಳಿನಿಂದ ಎದ್ದ ದಂಟು ಆಳೆತ್ತರಕ್ಕೆ ಕವಲೊಡೆದು ಹಳದಿ ಹೂ ಹೊರುತ್ತದೆ. ಇಂದಿನ ಹೈಬ್ರಿಡ್ ಬೀಜಗಳಲ್ಲಿ ಜಪಾನಿನಿಂದ, ಯುರೋಪಿನಿಂದ ಬಂದವೂ ಉಂಟು. ಎಲ್ಲಿಂದ ಬಂದರೂ ಅದರ ತಾಯಿಗಿಡಕ್ಕೆ ಒಂದು ಚಳಿಗಾಲ ಸಿಕ್ಕಿರಲೇಬೇಕು.

ಒಂದು ವಿಷಯ ಇಲ್ಲಿ ಮುಖ್ಯ. ಕೋಸಿನ ಬೀಜವನ್ನೋ ಎರಡೆಲೆಯ ಸಸಿಯನ್ನೋ ಫ್ರಿಜ್ಜಿನಲ್ಲಿಟ್ಟರೆ ಪ್ರಯೋಜನವಿಲ್ಲ. ಕಾಂಡ ಪೆನ್ಸಿಲಿನಷ್ಟಾದರೂ ದಪ್ಪವಾಗಿ ಏಳೆಂಟು ಎಲೆ ಬಂದ ಮೇಲೆಯೇ ಅದು ಚಳಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಎಳೆಗಿಡಕ್ಕೆ ಹೂ ಹೊರುವ ಬಂಡವಾಳ ಇಲ್ಲವಲ್ಲ!

ಹೂಕೋಸಿನ ಅರ್ಧ ದಾರಿ

ಹೂಕೋಸಿನ ವಿಷಯದಲ್ಲಿ ನಮ್ಮ ಹಿತ್ತಲಿನವರ ದೂರು ಬೇರೆಯೇ. ಒಂದು ವರ್ಷ ಗಿಡ ಕೆಸುವಿನೆಲೆಯಷ್ಟು ಅಗಲದ ಎಲೆ ಹಾಕಿ, ಹೂವೇ ಕಟ್ಟದೆ ನಿಲ್ಲುತ್ತದೆ. ಇನ್ನೊಂದು ವರ್ಷ ನಾಲ್ಕೆಲೆ ಇರುವಾಗಲೇ ಅಡಿಕೆಗಾತ್ರದ ಗುಂಡಿ ಕಟ್ಟಿ ಅಷ್ಟಕ್ಕೇ ಮುಗಿಯುತ್ತದೆ. ಗೊಬ್ಬರವನ್ನು ದೂರುವವರೇ ಹೆಚ್ಚು, ಆದರೆ ಬಹಳ ಸಲ ತಪ್ಪು ತಳಿಯ ಆಯ್ಕೆಯದು.

ನಾವು ತಿನ್ನುವ ಬಿಳಿಯ ಭಾಗ ಹೂವಲ್ಲ, ಹೂವಾಗಲು ಹೊರಟು ಸೋತ ಮೊಗ್ಗುಗಳ ಮುದ್ದೆ. 2021ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದರ ಗುಟ್ಟನ್ನು ಬಿಡಿಸಿದರು. ಪ್ರತಿ ಪುಟ್ಟ ಮೊಗ್ಗೂ ಹೂವಾಗಲು ಶುರುಮಾಡಿ, ಮುಗಿಸಲಾಗದೆ ಮತ್ತೆ ಕುಡಿಯಾಗುತ್ತದೆ. ಆ ಕುಡಿಯ ಬದಿಯ ಮೊಗ್ಗುಗಳೂ ಅದೇ ಯತ್ನ ಮಾಡಿ ಅದೇ ಸೋಲು ಕಾಣುತ್ತವೆ. ಹೀಗೆ ಕುಡಿಯ ಮೇಲೆ ಕುಡಿ ಲಕ್ಷಗಟ್ಟಲೆ ಕೂಡುತ್ತವೆ. ಅಂದರೆ ಹೂಕೋಸು ಕಟ್ಟಬೇಕಾದರೆ ಗಿಡ ಹೂವಿನ ದಾರಿ ಹಿಡಿದಿರಬೇಕು. ಹೂತಡೆ ಸ್ವಲ್ಪವಾದರೂ ಸಡಿಲಬೇಕು.

ಎಷ್ಟು ಸಡಿಲಬೇಕೆಂಬುದು ತಳಿಯ ಮೇಲೆ ಹೋಗುತ್ತದೆ. ಹೂಕೋಸಿನ ಬೀಜ 1822ರಲ್ಲಿ ಇಂಗ್ಲೆಂಡಿನಿಂದ ಸಹಾರನ್‌ಪುರದ ಕಂಪನಿ ಬಾಗ್ ಎಂಬ ತೋಟಕ್ಕೆ ಬಂತು. ಅಲ್ಲಿಂದ ಉತ್ತರದ ಬಯಲಿನ ರೈತರ ಕೈಸೇರಿತು. ಬಿಸಿಲಲ್ಲೂ ಹೂ ಕಟ್ಟಿದ ಗಿಡಗಳ ಬೀಜವನ್ನೇ ಅವರು ತಲೆಮಾರುಗಳ ಕಾಲ ಉಳಿಸುತ್ತ ಬಂದರು. ಇನ್ನೂರು ವರ್ಷದೊಳಗೆ ಭಾರತದ್ದೇ ಆದ, ಚಳಿಯ ಹಂಗು ಕಡಿಮೆಯಾದ ಹೂಕೋಸು ಹುಟ್ಟಿತು. ಯಾವ ಪ್ರಯೋಗಾಲಯವೂ ಇಲ್ಲದೆ ಆದ ಈ ಕೆಲಸವನ್ನು ನಾನು ದೊಡ್ಡ ಸಂಶೋಧನೆಯೆಂದೇ ಎಣಿಸುತ್ತೇನೆ. ಪೂಸಾ ಮೇಘನಾ, ಪೂಸಾ ದೀಪಾಲಿಯಂಥ ಬೇಗಬರುವ ತಳಿಗಳು ಇದೇ ವಂಶದವು. ಇವು ಸರಾಸರಿ 20ರಿಂದ 27 ಡಿಗ್ರಿಯಲ್ಲಿ ಹೂ ಕಟ್ಟುತ್ತವೆ. ಸ್ನೋಬಾಲ್ ಗುಂಪಿನ ತಳಿಗಳಿಗೆ 10ರಿಂದ 16 ಡಿಗ್ರಿ ಬೇಕು. ಶಿರಸಿಯ ಡಿಸೆಂಬರಿನಲ್ಲಿ ಹಗಲು ರಾತ್ರಿ ಕೂಡಿಸಿ ಭಾಗಿಸಿದರೆ 21–22 ಡಿಗ್ರಿ. ಸ್ನೋಬಾಲ್ ತಂದರೆ ಬರೀ ಎಲೆ ಏಕೆಂದು ಈಗ ಸ್ಪಷ್ಟ. ಬೇಗಬರುವ ತಳಿಯನ್ನು ತಡಮಾಡಿ ನೆಟ್ಟರೆ, ಗಿಡ ಬೆಳೆಯುವ ಮೊದಲೇ ಅದಕ್ಕೆ ಬೇಕಾದ ತಂಪು ಸಿಕ್ಕಿ ಗುಂಡಿ ಕಟ್ಟುತ್ತದೆ. ಪೊಟ್ಟಣದ ಮೇಲಿನ ಚಿತ್ರ ನೋಡದೆ, ಅದು ಯಾವ ಗುಂಪಿನ ತಳಿಯೆಂದು ಅಂಗಡಿಯಲ್ಲಿ ಕೇಳಿ ತನ್ನಿ.

ಮಣ್ಣಿನದೂ ಒಂದು ಪಾಲಿದೆ. ನಮ್ಮ ಕೆಂಪು ಜಂಬುಮಣ್ಣು ಮಳೆಗೆ ತೊಳೆದು ಹುಳಿಯಾದದ್ದು. ಹುಳಿಮಣ್ಣು ಮಾಲಿಬ್ಡಿನಮ್ ಎಂಬ ಧಾತುವನ್ನು ಬಿಗಿಹಿಡಿದು ಬೇರಿಗೆ ಬಿಡುವುದಿಲ್ಲ. ಆಗ ಹೂಕೋಸಿನ ಎಲೆಯಲ್ಲಿ ನಡುನರ ಮಾತ್ರ ಉಳಿದು ಚಾವಟಿಯಂತಾಗುತ್ತದೆ. ನೆಡುವ ಮುಂಚೆ ಮಡಿಗೆ ಸುಣ್ಣವನ್ನೋ ಒಲೆಯ ಬೂದಿಯನ್ನೋ ಕೊಟ್ಟರೆ ಹುಳಿ ಇಳಿಯುತ್ತದೆ. ಬೂದಿ ಎರಚುವ ಅಜ್ಜಿಯರ ರೂಢಿಯಲ್ಲಿ ಹುಳ ಓಡಿಸುವುದರ ಜೊತೆಗೆ ಈ ಲಾಭವೂ ಇತ್ತು.

ಮೂಲಂಗಿಗೇಕೆ ಬೀಜ?

ಅದೇ ಬಳಗದ ಸಾಸಿವೆ, ಮೂಲಂಗಿ ನಮ್ಮಲ್ಲೇ ಹೂ ಬಿಟ್ಟು ಬೀಜ ಕೊಡುತ್ತವೆ. ಏಷ್ಯಾದ ಬಯಲುಗಳಲ್ಲಿ ಬಹುಕಾಲ ಬೆಳೆದ ತಳಿಗಳಿವು. ಇವುಗಳಿಗೆ ದೀರ್ಘ ಚಳಿಯ ಬೀಗ ಬೇಕಿಲ್ಲ, ಹಗಲು ಉದ್ದವಾಗಿ ಬಿಸಿಲೇರಿದರೆ ದಂಟು ಏಳುತ್ತದೆ. ಯುರೋಪಿನ ಮೂಲಂಗಿ ತಳಿಗಳು ಮಾತ್ರ ಕೋಸಿನ ಹಾಗೆಯೇ ಬೆಟ್ಟದ ಚಳಿಯನ್ನು ಬೇಡುತ್ತವೆ.

ಮೂಲಂಗಿ ಬೀಜ ಉಳಿಸುವವರಿಗೆ ಒಂದು ಮಾತು. ಒಂದೇ ಒಂದು ಗಿಡ ಬಿಟ್ಟು ಕಾದರೆ ಜೊಳ್ಳು ಕಾಯಿಯೇ ಹೆಚ್ಚು. ಮೂಲಂಗಿಯ ಹೂ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಹತ್ತು ಹದಿನೈದು ಒಳ್ಳೆಯ ಗಿಡಗಳನ್ನು ಒಟ್ಟಿಗೆ ಬಿಡಿ. ತುಡುವೆ ಜೇನೋ ಮಿಸರಿ ಜೇನೋ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಬುಡದ ಚಿಗುರು

ಎಲೆಕೋಸನ್ನು ಮನೆಯಲ್ಲೇ ಉಳಿಸಿಕೊಳ್ಳುವ ದಾರಿ ಪೂರ್ತಿ ಮುಚ್ಚಿಲ್ಲ. ಹೂ ಬಿಟ್ಟು ಬೀಜ ಕಟ್ಟಿದ ಗಿಡ ಅಲ್ಲಿಗೆ ಸಾಯುತ್ತದೆ. ನಮ್ಮಲ್ಲಿ ಹೂವೇ ಬಿಡದ ಗಿಡಕ್ಕೆ ಸಾಯುವ ಆತುರವಿಲ್ಲ. ಗಡ್ಡೆ ಕೊಯ್ಯುವಾಗ ಬೇರುಸಮೇತ ಕೀಳದೆ ನಾಲ್ಕೈದು ಎಲೆ ಬಿಟ್ಟು ಕೊಯ್ದರೆ, ಉಳಿದ ಬುಡದ ಎಲೆತೊಟ್ಟುಗಳ ಸಂದಿಯಿಂದ ಚಿಗುರು ಏಳುತ್ತವೆ. ಅವನ್ನು ಹಾಗೇ ಬಿಟ್ಟರೆ ಪುಟ್ಟಪುಟ್ಟ ಗಡ್ಡೆಯಾಗುತ್ತವೆ, ಪಲ್ಯಕ್ಕೆ ಸಾಕು. ಬೆರಳುದ್ದ ಆದಾಗ ಬುಡದ ಚೂರು ತೊಗಟೆಯೊಂದಿಗೆ ಎಬ್ಬಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗಿಟ್ಟು ತೇವ ಆರದಂತೆ ನೋಡಿಕೊಂಡರೆ ಬೇರು ಬಿಡುತ್ತವೆ. ಬೀಜದಿಂದಲ್ಲದೆ ಬಂದದ್ದರಿಂದ ಹೈಬ್ರಿಡ್ ಆದರೂ ಮರಿ ತಾಯಿಯಂತೆಯೇ ಇರುತ್ತದೆ.

ಕಷ್ಟವಿರುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಜಡಿಮಳೆಗೆ ಬಯಲಿನಲ್ಲಿಟ್ಟ ಬುಡ ಕೊಳೆಯುತ್ತದೆ. ನೀರು ಸರಾಗ ಬಸಿಯುವ ಕುಂಡದಲ್ಲಿ, ಇರಚಲು ತಾಗದ ಆದರೆ ಬೆಳಕಿರುವ ಜಗುಲಿಯ ಅಂಚಿನಲ್ಲಿ ಎರಡು ಮೂರು ಗಿಡ ಇಟ್ಟುಕೊಳ್ಳಬೇಕು. ಗೊಬ್ಬರ ಕೊಡಬಾರದು, ಹಳದಿಯಾದ ಎಲೆಯನ್ನು ಆಗಾಗ ತೆಗೆಯುತ್ತಿರಬೇಕು. ಮಳೆ ದಾಟಿದ ಬುಡ ಭೂಮಿ ಹುಣ್ಣಿಮೆಯ ಹೊತ್ತಿಗೆ ಹೊಸ ಚಿಗುರು ಕೊಟ್ಟರೆ, ಅದನ್ನೇ ಸಸಿಯಾಗಿ ನೆಡಬಹುದು.